'ಕ್ಯಾಪ್ಟನ್ ಅಮೆರಿಕಾ' ಬೈಕು ಕಟ್ಟಿದ ಕೈಗಳು

2014ರ ಅಕ್ಟೋಬರ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ಹಳೆಯ ಮೋಟಾರ್ ಸೈಕಲ್ ಹರಾಜಿಗೆ ಬಂತು. ಕೂಗು ನಿಂತದ್ದು 13 ಲಕ್ಷ 50 ಸಾವಿರ ಡಾಲರಿಗೆ. ಆಗಿನ ಲೆಕ್ಕದಲ್ಲಿ ನಮ್ಮ ಎಂಟು ಕೋಟಿ ರೂಪಾಯಿಗೂ ಹೆಚ್ಚು. ಬೆಳ್ಳಿಯಂತೆ ಹೊಳೆಯುವ ಉದ್ದನೆಯ ಫೋರ್ಕ್, ಎತ್ತರದ ಹ್ಯಾಂಡಲ್, ಅಮೆರಿಕದ ಬಾವುಟದ ಪಟ್ಟೆ ಮತ್ತು ನಕ್ಷತ್ರಗಳನ್ನು ಬರೆದ ಪುಟ್ಟ ಪೆಟ್ರೋಲ್ ಟ್ಯಾಂಕ್. ಸಿನಿಮಾ ನೋಡದವರೂ ಈ ಬೈಕಿನ ಚಿತ್ರವನ್ನು ಎಲ್ಲೋ ಒಂದು ಟೀ ಶರ್ಟಿನ ಮೇಲೋ, ಕ್ಯಾಲೆಂಡರಿನಲ್ಲೋ ನೋಡಿರುತ್ತಾರೆ. ಅದರ ಹೆಸರು 'ಕ್ಯಾಪ್ಟನ್ ಅಮೆರಿಕಾ'.

ಆ ಬೈಕನ್ನು ಪರದೆಯ ಮೇಲೆ ಓಡಿಸಿದವರು ಯಾರು ಅಂತ ಕೇಳಿದರೆ ಸಿನಿಮಾ ಪ್ರಿಯರು ಥಟ್ಟನೆ ಪೀಟರ್ ಫೋಂಡಾ ಎನ್ನುತ್ತಾರೆ. ಕಟ್ಟಿದವರು ಯಾರು ಅಂತ ಕೇಳಿ ನೋಡಿ. ಸುಮಾರು ನಾಲ್ಕು ದಶಕಗಳ ಕಾಲ ಈ ಪ್ರಶ್ನೆಗೆ ಸರಿಯಾದ ಉತ್ತರ ಬಹಳ ಕಡಿಮೆ ಮಂದಿಗೆ ಗೊತ್ತಿತ್ತು. ಬೆನ್ ಹಾರ್ಡಿ ಮತ್ತು ಕ್ಲಿಫ್ ವಾನ್ ಎಂಬ ಇಬ್ಬರು ಆಫ್ರಿಕನ್ ಅಮೆರಿಕನ್ನರು ಅದರ ಹಿಂದೆ ಇದ್ದರು. ಒಬ್ಬರು ಮೇಸ್ತ್ರಿ, ಇನ್ನೊಬ್ಬರು ಅದರ ರೂಪ ಕಲ್ಪಿಸಿದವರು. ಇಬ್ಬರ ಹೆಸರೂ ಸಿನಿಮಾದ ಹೆಸರುಪಟ್ಟಿಯಲ್ಲಿ ಇಲ್ಲ. ಈ ಹೆಸರುಗಳು ಹೇಗೆ ಅಳಿಸಿಹೋದವು, ಹೇಗೆ ತಿರುಗಿ ಬಂದವು ಎನ್ನುವುದನ್ನು ತಿಳಿಯಬೇಕಾದರೆ ಮೊದಲು ಆ ತರಹದ ಬೈಕು ಹುಟ್ಟಿದ್ದು ಎಲ್ಲಿ ಅಂತ ನೋಡಬೇಕು.

ಅದು ಹುಟ್ಟಿದ್ದು ಕಾರ್ಖಾನೆಯಲ್ಲಿ ಅಲ್ಲ, ಮನೆಯ ಶೆಡ್ಡಿನಲ್ಲಿ. ನಮ್ಮಲ್ಲಿ ಗ್ಯಾರೇಜ್ ಅಂದ್ರೆ ರಸ್ತೆ ಬದಿಯ ರಿಪೇರಿ ಅಂಗಡಿ. ಅಮೆರಿಕದಲ್ಲಿ ಗ್ಯಾರೇಜ್ ಅಂದ್ರೆ ಮನೆಗೆ ಅಂಟಿಕೊಂಡೇ ಇರುವ ಕಾರಿನ ಕೋಣೆ. ಎರಡನೇ ಮಹಾಯುದ್ಧ ಮುಗಿದು ಊರಿಗೆ ಮರಳಿದ ಸೈನಿಕರಲ್ಲಿ ಅನೇಕರಿಗೆ ಇಂಜಿನ್ ಬಿಚ್ಚಿ ಜೋಡಿಸುವ ಕೆಲಸ ಸೈನ್ಯದಲ್ಲೇ ಕೈಗೆ ಹತ್ತಿತ್ತು. ಸೈನ್ಯಕ್ಕೆ ಬೇಡವಾದ ಹಾರ್ಲಿ ಡೇವಿಡ್‌ಸನ್ ಗಾಡಿಗಳು ಕಡಿಮೆ ಬೆಲೆಗೆ ಸಿಗುತ್ತಿದ್ದವು. ಆದರೆ ಅವು ಆನೆಯಂತೆ ಭಾರ. ಹಗುರವಾಗಿಸಲು ಹುಡುಗರು ಮುಂದಿನ ಮಡ್‌ಗಾರ್ಡ್ ಬಿಚ್ಚಿ ಬಿಸಾಡಿದರು, ಹಿಂದಿನದನ್ನು ಅರ್ಧಕ್ಕೆ ಕತ್ತರಿಸಿದರು, ಬೇಡದ ಲೈಟು, ಪೆಟ್ಟಿಗೆ ಎಲ್ಲ ತೆಗೆದರು. ಇದಕ್ಕೆ 'ಬಾಬರ್' ಅಂತ ಹೆಸರು ಬಿತ್ತು. ಮುಂದೆ 1950 ಮತ್ತು 60ರ ದಶಕದಲ್ಲಿ ಕತ್ತರಿಸುವ ಕೆಲಸ ಇನ್ನೂ ಮುಂದಕ್ಕೆ ಹೋಯಿತು. ಬೈಕಿನ ಫ್ರೇಮಿಗೇ ಗರಗಸ ಹಾಕಿದರು. ಕತ್ತರಿಸಿ ಕಟ್ಟಿದ ಆ ಬೈಕಿಗೆ 'ಚಾಪರ್' ಎಂಬ ಹೆಸರು ಬಂತು.

ಕೆಲಸದ ಕಷ್ಟ ಎಂಥದು ಅಂತ ಸ್ವಲ್ಪ ತಿಳಿದುಕೊಂಡರೆ ಒಳ್ಳೆಯದು. ಯಾಕಂದ್ರೆ ಚಾಪರ್ ಅಂದ್ರೆ ಬರೀ ಶೋಕಿ ಅನ್ನುವವರು ಬಹಳ ಇದ್ದಾರೆ. ಬೈಕಿನ ಮುಂದಿನ ಫೋರ್ಕ್ ಫ್ರೇಮಿಗೆ ಸೇರುವ ಜಾಗದಲ್ಲಿ ಒಂದು ದಪ್ಪ ಕೊಳವೆ ಇರುತ್ತದೆ. ಬೈಕಿನ ಕುತ್ತಿಗೆ ಅಂತಲೇ ಅದನ್ನು ಕರೆಯಬಹುದು. ಫೋರ್ಕನ್ನು ಉದ್ದ ಮಾಡಿದರೆ ಗಾಡಿಯ ಮುಂಭಾಗ ಮೇಲಕ್ಕೆ ಎದ್ದುಬಿಡುತ್ತದೆ. ಅದನ್ನು ಮತ್ತೆ ಕೆಳಕ್ಕೆ ತರಬೇಕಾದರೆ ಕುತ್ತಿಗೆಯನ್ನು ಕತ್ತರಿಸಿ, ಹಿಂದಕ್ಕೆ ಓರೆ ಮಾಡಿ, ಗ್ಯಾಸ್ ವೆಲ್ಡಿಂಗ್‌ನಲ್ಲಿ ಮತ್ತೆ ಬೆಸೆಯಬೇಕು. ಬೆಸುಗೆಯ ಬಿಸಿಗೆ ಕಬ್ಬಿಣ ಎಳೆಯುತ್ತದೆ. ಕುತ್ತಿಗೆ ಕೂದಲೆಳೆಯಷ್ಟು ಆಚೀಚೆ ಆದರೂ ಎರಡು ಚಕ್ರ ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ, ಗಾಡಿ ಒಂದು ಕಡೆಗೆ ಎಳೆಯುತ್ತದೆ. ಓರೆ ಜಾಸ್ತಿ ಆದರೆ ನಿಧಾನವಾಗಿ ಹೋಗುವಾಗ ಹ್ಯಾಂಡಲ್ ತಾನಾಗಿ ಒಂದು ಬದಿಗೆ ಬೀಳುತ್ತದೆ, ತಿರುವಿನಲ್ಲಿ ಬಲ ಹಾಕಿ ತಿರುಗಿಸಬೇಕಾಗುತ್ತದೆ. ಬೆಸುಗೆ ಹಸಿಯಾಗಿ ಉಳಿದರೆ ಓಡುತ್ತಿರುವಾಗಲೇ ಮುಂದಿನ ಚಕ್ರ ಬೇರೆ, ಸವಾರ ಬೇರೆ.

ಆ ಕಾಲದಲ್ಲಿ ಇದಕ್ಕೆ ರೆಡಿಮೇಡ್ ಸಾಮಾನು ಇರಲಿಲ್ಲ. ಹಳೆಯ ಫೋರ್ಡ್ ಕಾರಿನ ಆಕ್ಸಲ್ ಹಿಡಿದಿಡುವ ಉಕ್ಕಿನ ರಾಡುಗಳನ್ನು ಗುಜರಿಯಿಂದ ತಂದು, ಕತ್ತರಿಸಿ, ಅದರಿಂದ ಫೋರ್ಕ್ ಉದ್ದ ಮಾಡುತ್ತಿದ್ದರು. ಅಳತೆ ಮಾಡಲು ದಾರ, ಮಟ್ಟಗೋಲು, ಕಣ್ಣು. ಉಪಕರಣ ಅಂದ್ರೆ ಒಂದು ವೈಸ್, ಹ್ಯಾಕ್ಸಾ, ಅರ, ಗ್ಯಾಸ್ ಟಾರ್ಚ್. ಪುಸ್ತಕದಲ್ಲಿ ಇಲ್ಲದ ಈ ವಿದ್ಯೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಬೇಕಿತ್ತು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಉಸ್ತಾದರಿಂದ ಶಾಗಿರ್ದನಿಗೆ.

ಅಂಥ ಒಬ್ಬ ಉಸ್ತಾದ್ ಬೆಂಜಮಿನ್ ಹಾರ್ಡಿ. ಲಾಸ್ ಏಂಜಲಿಸ್ ನಗರದ ದಕ್ಷಿಣದ ಕಪ್ಪು ಜನರ ಬಡಾವಣೆಗಳಲ್ಲಿ ಅವರನ್ನು 'ಬೈಕುಗಳ ರಾಜ' ಅಂತ ಕರೆಯುತ್ತಿದ್ದರು. ಆ ಬಡಾವಣೆಗಳ ಕಥೆಯನ್ನೂ ಇಲ್ಲಿ ಹೇಳಬೇಕು. ದಕ್ಷಿಣದ ರಾಜ್ಯಗಳ ಜನಾಂಗ ದ್ವೇಷದಿಂದ ತಪ್ಪಿಸಿಕೊಂಡು, ಕೆಲಸ ಹುಡುಕಿಕೊಂಡು ಲಕ್ಷಾಂತರ ಕಪ್ಪು ಜನ ಉತ್ತರಕ್ಕೂ ಪಶ್ಚಿಮಕ್ಕೂ ವಲಸೆ ಹೋದರು. ಲಾಸ್ ಏಂಜಲಿಸ್‌ಗೆ ಬಂದವರಿಗೆ ಎಲ್ಲ ಕಡೆ ಮನೆ ಸಿಗುತ್ತಿರಲಿಲ್ಲ. ಕಪ್ಪು ಜನರಿಗೆ ಮಾರಬಾರದು ಎಂಬ ಷರತ್ತು ಮನೆಪತ್ರದಲ್ಲೇ ಬರೆದಿರುತ್ತಿತ್ತು. ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 1948ರಲ್ಲಿ ಹೇಳಿತು. ಆದರೂ ಒಳಗಿಂದೊಳಗೆ ಅದೇ ಪದ್ಧತಿ ನಡೆಯುತ್ತಲೇ ಇತ್ತು. 1965ರ ಆಗಸ್ಟಿನಲ್ಲಿ ಅಲ್ಲಿನ ವಾಟ್ಸ್ ಬಡಾವಣೆ ಹೊತ್ತಿ ಉರಿದಾಗ 34 ಮಂದಿ ಸತ್ತರು. ಮನೆ ಬಾಡಿಗೆ ಕೇಳಲು ಹೋಗಿ ಹೆಸರು ಹೇಳಿದ ಕೂಡಲೇ 'ಖಾಲಿ ಇಲ್ಲ' ಎಂಬ ಉತ್ತರ ಪಡೆದು ಬಂದ ಓದುಗರಿಗೆ ಈ ಕಥೆ ತೀರಾ ದೂರದ್ದು ಅನ್ನಿಸಲಾರದು.

ಬೈಕಿನ ಲೋಕದಲ್ಲೂ ಇದೇ ಗೋಡೆ. 1924ರಲ್ಲಿ ಹುಟ್ಟಿದ ಅಮೆರಿಕನ್ ಮೋಟಾರ್‌ಸೈಕ್ಲಿಸ್ಟ್ ಅಸೋಸಿಯೇಷನ್, ಅಂದ್ರೆ ದೇಶದ ಬೈಕು ಸವಾರರ ದೊಡ್ಡ ಸಂಘ, ದಶಕಗಳ ಕಾಲ ಕಪ್ಪು ಜನರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲಿಲ್ಲ. ಬಾಗಿಲು ಮುಚ್ಚಿದವರ ಮುಂದೆ ನಿಂತು ಅಳುವುದಕ್ಕಿಂತ ತಮ್ಮದೇ ಕೂಟ ಕಟ್ಟುವುದು ಲೇಸು ಅಂತ ಸವಾರರು ಹೊರಟರು. 1959ರಲ್ಲಿ ಓಕ್‌ಲ್ಯಾಂಡ್‌ನಲ್ಲಿ 'ಈಸ್ಟ್ ಬೇ ಡ್ರ್ಯಾಗನ್ಸ್' ಹುಟ್ಟಿತು. ಅದೇ ವರ್ಷ ಲಾಸ್ ಏಂಜಲಿಸ್‌ನಲ್ಲಿ 'ಚೋಸನ್ ಫ್ಯೂ' ಎಂಬ ಕೂಟ ಹುಟ್ಟಿತು. ಕಪ್ಪು ಸವಾರರು ಕಟ್ಟಿದ ಈ ಎರಡನೆಯ ಕೂಟ ಮುಂದೆ ಬಿಳಿಯರನ್ನೂ ಸೇರಿಸಿಕೊಂಡಿತು. ಕೂಟ ಅಂದ ಮೇಲೆ ಗಾಡಿ ಬೇಕು, ಗಾಡಿ ಅಂದ ಮೇಲೆ ಮೇಸ್ತ್ರಿ ಬೇಕು. ಹಾರ್ಡಿಯವರ ಅಂಗಡಿ ಹೀಗೆ ರಿಪೇರಿಯ ಜಾಗವೂ ಹೌದು, ಕಲಿಯುವ ಜಾಗವೂ ಹೌದು ಎಂಬಂತಾಯಿತು.

ಅಲ್ಲಿಗೆ ಬಂದು ಕಲಿತವರಲ್ಲಿ ಕ್ಲಿಫರ್ಡ್ ವಾನ್ ಒಬ್ಬರು. 1937ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದವರು, ನೌಕಾಪಡೆಯ ಮರೀನ್ ದಳದಲ್ಲಿ ಇದ್ದವರು. ನಾಗರಿಕ ಹಕ್ಕುಗಳ ಚಳವಳಿಯಲ್ಲಿ ವಿದ್ಯಾರ್ಥಿಗಳ ಮುಂಚೂಣಿ ಸಂಘಟನೆಯಾಗಿದ್ದ ಎಸ್‌ಎನ್‌ಸಿಸಿಗೆ ಫೋಟೋ ತೆಗೆಯುತ್ತಿದ್ದರು. 1964ರಲ್ಲಿ ಮೇರಿಲ್ಯಾಂಡ್ ರಾಜ್ಯದ ಕೇಂಬ್ರಿಜ್ ಎಂಬ ಊರಿನಲ್ಲಿ ನ್ಯಾಷನಲ್ ಗಾರ್ಡ್ ಸೈನಿಕರು ಅವರನ್ನು ಹಿಡಿದೆಳೆಯುತ್ತಿರುವ ಫೋಟೋ ಒಂದಿದೆ. ತೆಗೆದವರು ಡ್ಯಾನಿ ಲಯನ್. ಚಳವಳಿಯ ಚರಿತ್ರೆಯ ಪ್ರಸಿದ್ಧ ಚಿತ್ರಗಳಲ್ಲಿ ಅದೂ ಒಂದು. ಬೈಕಿನ ಹುಚ್ಚಿದ್ದ ವಾನ್ ಲಾಸ್ ಏಂಜಲಿಸ್‌ಗೆ ಬಂದು ಹಾರ್ಡಿಯವರ ಬಳಿ ಚಾಪರ್ ಕಟ್ಟುವುದನ್ನು ಕಲಿತರು, ಚೋಸನ್ ಫ್ಯೂ ಜೊತೆ ಸವಾರಿ ಮಾಡಿದರು. ಹೊಟ್ಟೆಪಾಡಿಗೆ ರೇಡಿಯೋ ವರದಿಗಾರನ ಕೆಲಸ. 1966ರಲ್ಲಿ ನಟ ಪೀಟರ್ ಫೋಂಡಾ ಗಾಂಜಾ ಪ್ರಕರಣದಲ್ಲಿ ಕೋರ್ಟಿಗೆ ಬಂದಾಗ ವರದಿ ಮಾಡಲು ಹೋದವರು ಇದೇ ವಾನ್. ಇಬ್ಬರಿಗೂ ಬೈಕು ಅಂದ್ರೆ ಪ್ರಾಣ, ಮಾತು ಬೆಳೆಯಿತು.

ಫೋಂಡಾ ಮತ್ತು ಡೆನಿಸ್ ಹಾಪರ್ ಸೇರಿ ಬೈಕು ಸವಾರರ ಮೇಲೆ ಒಂದು ಸಿನಿಮಾ ಮಾಡಲು ಹೊರಟಾಗ ಗಾಡಿಗಳ ಜವಾಬ್ದಾರಿ ವಾನ್ ಪಾಲಿಗೆ ಬಂತು. ಪೊಲೀಸ್ ಇಲಾಖೆ ಹರಾಜಿಗೆ ಹಾಕಿದ್ದ ಹಳೆಯ ಹಾರ್ಲಿಗಳನ್ನು ಕೊಂಡರು. ಅವು 1200 ಸಿಸಿಯ 'ಪ್ಯಾನ್‌ಹೆಡ್' ಇಂಜಿನ್ನಿನ ಗಾಡಿಗಳು. ಇಂಜಿನ್ನಿನ ತಲೆಯ ಮೇಲಿನ ಮುಚ್ಚಳ ಬೋರಲು ಹಾಕಿದ ಬಾಣಲೆಯಂತೆ ಕಾಣುವುದರಿಂದ ಆ ಹೆಸರು. 1948ರಿಂದ 1965ರವರೆಗೆ ಹಾರ್ಲಿ ಕಂಪನಿ ಈ ಇಂಜಿನ್ ಮಾಡಿತು. ರೂಪ ವಾನ್ ಅವರದು, ಕೈಕೆಲಸದ ಮುಖ್ಯ ಭಾರ ಹಾರ್ಡಿಯವರದು. ಲ್ಯಾರಿ ಮಾರ್ಕಸ್ ಎಂಬ ಮೆಕ್ಯಾನಿಕ್ ಕೂಡ ಜೊತೆಗಿದ್ದರು. ಒಟ್ಟು ನಾಲ್ಕು ಬೈಕು: ಫೋಂಡಾಗೆ ಎರಡು 'ಕ್ಯಾಪ್ಟನ್ ಅಮೆರಿಕಾ', ಹಾಪರ್‌ಗೆ ಎರಡು 'ಬಿಲ್ಲಿ ಬೈಕ್'. ಚಿತ್ರೀಕರಣದ ಮಧ್ಯೆ ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ ಜೋಡಿ.

ಪೊಲೀಸರ ಠಾಕುಠೀಕಾದ ಗಾಡಿ ಹಾರ್ಡಿಯವರ ಕೈಯಲ್ಲಿ ಗುರುತು ಸಿಗದಂತೆ ಬದಲಾಯಿತು. ಅಗಲವಾದ ಟ್ಯಾಂಕ್ ಹೋಗಿ ಪುಟ್ಟ ಟ್ಯಾಂಕ್ ಬಂತು. ಕುತ್ತಿಗೆ ಓರೆಯಾಯಿತು, ಫೋರ್ಕ್ ಉದ್ದವಾಯಿತು. ಮುಂದಿನ ಚಕ್ರಕ್ಕೆ ಮಡ್‌ಗಾರ್ಡ್ ಇಲ್ಲ, ಬ್ರೇಕೂ ಇಲ್ಲ. ಹಿಂದೆ ಎತ್ತರದ ಒರಗು ಕಂಬಿ. ಮೀನಿನ ಬಾಲದಂತೆ ಮೇಲಕ್ಕೆ ಎದ್ದ ಸೈಲೆನ್ಸರ್ ಕೊಳವೆಗಳು. ಕಬ್ಬಿಣ ಕಾಣುವ ಕಡೆಯೆಲ್ಲ ಕ್ರೋಮ್. ಹಿಂದಿನ ಚಕ್ರಕ್ಕೆ ಶಾಕ್ ಅಬ್ಸಾರ್ಬರ್ ಇಲ್ಲದ ಆ ಗಾಡಿಯನ್ನು ಮರುಭೂಮಿಯ ರಸ್ತೆಗಳಲ್ಲಿ ದಿನವಿಡೀ ಓಡಿಸುವುದು ಸುಲಭವಾಗಿರಲಿಲ್ಲ. ಆದರೆ ಕ್ಯಾಮೆರಾದ ಮುಂದೆ ಅದು ತೇಲುವಂತೆ ಕಂಡಿತು.

'ಈಸಿ ರೈಡರ್' 1969ರಲ್ಲಿ ಬಿಡುಗಡೆಯಾಯಿತು. ಮಾದಕ ದ್ರವ್ಯ ಮಾರಿದ ಹಣವನ್ನು ಪೆಟ್ರೋಲ್ ಟ್ಯಾಂಕಿನಲ್ಲಿ ಅಡಗಿಸಿಕೊಂಡು ಲಾಸ್ ಏಂಜಲಿಸ್‌ನಿಂದ ನ್ಯೂ ಆರ್ಲಿಯನ್ಸ್‌ಗೆ ಹೊರಟ ಇಬ್ಬರು ಯುವಕರ ಕಥೆ. ಸುಮಾರು 4 ಲಕ್ಷ ಡಾಲರಿನಲ್ಲಿ ಮುಗಿದ ಆ ಚಿತ್ರ ಕೋಟಿಗಟ್ಟಲೆ ಗಳಿಸಿತು. ಕಾನ್ ಚಿತ್ರೋತ್ಸವದಲ್ಲಿ ಹಾಪರ್‌ಗೆ ಮೊದಲ ಚಿತ್ರದ ಪ್ರಶಸ್ತಿ ಬಂತು. ಸ್ವಾತಂತ್ರ್ಯವನ್ನು ಹುಡುಕುವ ಸಿನಿಮಾ ಅಂತ ಅದನ್ನು ಹೊಗಳಿದರು. ವಿಚಿತ್ರ ಏನಂದ್ರೆ ಅದರಲ್ಲಿ ಹೆಸರಿಗೊಂದು ಕಪ್ಪು ಪಾತ್ರವೂ ಇಲ್ಲ. ರಸ್ತೆ ಬದಿಯಲ್ಲಿ, ಕಿಟಕಿಯಾಚೆ ಹಾದುಹೋಗುವ ಮುಖಗಳಾಗಿ ಮಾತ್ರ ಅವರು ಕಾಣುತ್ತಾರೆ. ಆ ಸ್ವಾತಂತ್ರ್ಯದ ಸಂಕೇತವಾದ ಬೈಕು ಬಂದದ್ದು ಮಾತ್ರ ಅವರದೇ ಓಣಿಯಿಂದ.

ವಾನ್ ಚಿತ್ರದ ಆರಂಭದ ಹಂತದಲ್ಲಿ ತಂಡದಲ್ಲಿದ್ದರು. ತಂಡ ಬದಲಾದಾಗ ಹೊರಬಿದ್ದರು. ಹಾರ್ಡಿ ಸಿನಿಮಾದವರೇ ಅಲ್ಲ, ಕೆಲಸ ಮುಗಿಸಿ ಕೊಟ್ಟ ಮೇಸ್ತ್ರಿ ಅಷ್ಟೇ. ಹೆಸರುಪಟ್ಟಿ ಸಿದ್ಧವಾಗುವಾಗ ಇಬ್ಬರನ್ನೂ ಕೇಳುವವರಿರಲಿಲ್ಲ. ಮುಂದೆ ಫೋಂಡಾ ಸಂದರ್ಶನಗಳಲ್ಲಿ ಬೈಕು ಕಟ್ಟಿದ್ದು ತಾನೇ ಎಂಬಂತೆ ಮಾತಾಡುತ್ತ ಬಂದರು. ಅವರ ಪಾಲು ಏನೂ ಇಲ್ಲ ಅಂತಲ್ಲ. ಚಿತ್ರದ ನಿರ್ಮಾಪಕರು ಅವರು, ಬೈಕು ಹೇಗಿರಬೇಕೆಂಬ ಕಲ್ಪನೆಯಲ್ಲಿ ಅವರ ಮಾತೂ ಇತ್ತು. ಆದರೆ ಟಾರ್ಚ್ ಹಿಡಿದವರ ಹೆಸರು ಆ ಮಾತುಗಳಲ್ಲಿ ಬರಲಿಲ್ಲ. ಒಂದು ಸಲ ಬಿಟ್ಟುಹೋದ ಹೆಸರು ಎರಡನೇ ಸಲ ಬರೆಯುವವನಿಗೆ ಸಿಗುವುದಿಲ್ಲ, ಮೂರನೆಯವನು ಹುಡುಕುವುದೂ ಇಲ್ಲ. ಚರಿತ್ರೆಯಲ್ಲಿ ಹೆಸರು ಅಳಿಯಲು ಯಾರಾದರೂ ಸಂಚು ಮಾಡಲೇಬೇಕು ಅಂತಿಲ್ಲ. ಸುಮ್ಮನಿದ್ದರೂ ಸಾಕು.

ಹೆಸರು ಹೋದರೆ ಏನಾಯ್ತು, ಕೆಲಸ ಉಳಿಯಿತಲ್ಲ ಅಂತ ಕೆಲವರು ಕೇಳಬಹುದು. ನಷ್ಟ ಎಲ್ಲಿ ಅಂತ ನೋಡಿ. ಸಿನಿಮಾ ಬಂದ ಮೇಲೆ ಅಮೆರಿಕದ ಹುಡುಗರೆಲ್ಲ ಚಾಪರ್ ಬೇಕು ಅಂತ ಹೊರಟರು. ಉದ್ದನೆಯ ಫೋರ್ಕ್, ಪುಟ್ಟ ಟ್ಯಾಂಕ್ ಎಲ್ಲ ಕ್ಯಾಟಲಾಗಿನಲ್ಲಿ ಬರತೊಡಗಿದವು, ಅಂಚೆಯಲ್ಲಿ ಮನೆಗೆ ಬಂದವು. 1971ರಲ್ಲಿ ಸಿನಿಮಾದ ಹೆಸರನ್ನೇ ನೆನಪಿಸುವ 'ಈಸಿರೈಡರ್ಸ್' ಎಂಬ ಪತ್ರಿಕೆ ಶುರುವಾಯಿತು. 2003ರಲ್ಲಿ 'ಅಮೆರಿಕನ್ ಚಾಪರ್' ಎಂಬ ಟೀವಿ ಸರಣಿ ಬಂದು, ಬೈಕು ಕಟ್ಟುವ ಬಿಳಿಯ ತಂದೆ ಮಗ ಜಗತ್ತಿಗೇ ಪರಿಚಿತರಾದರು. ಮನೆಯ ಶೆಡ್ಡಿನ ವಿದ್ಯೆ ದೊಡ್ಡ ಉದ್ಯಮವಾಯಿತು. ಗಿರಾಕಿ ಹೋಗುವುದು ಹೆಸರು ಇರುವ ಕಡೆಗೆ. ಹೆಸರು ಇದ್ದರೆ ಸಾಲ ಸಿಗುತ್ತದೆ, ಮಗನಿಗೆ ಅಂಗಡಿ ಉಳಿಯುತ್ತದೆ, ಓಣಿಯ ಹುಡುಗನಿಗೆ 'ಇದು ನಮ್ಮವರ ಕೆಲಸ' ಎಂಬ ಧೈರ್ಯ ಬರುತ್ತದೆ. ಜಗತ್ತಿನ ಅತ್ಯಂತ ಪ್ರಸಿದ್ಧ ಚಾಪರ್ ಕಟ್ಟಿದ ಹಾರ್ಡಿ ಈ ಯಾವುದರ ಪಾಲೂ ಸರಿಯಾಗಿ ಪಡೆಯದೆ 1994ರಲ್ಲಿ ತೀರಿಕೊಂಡರು. ವಾನ್ ಅಮೆರಿಕ ಬಿಟ್ಟು ಹೋಗಿ ಎಷ್ಟೋ ವರ್ಷ ಹಾಯಿದೋಣಿಯಲ್ಲಿ ಬದುಕಿದರು.

ಹೆಸರುಗಳು ತಿರುಗಿ ಬಂದದ್ದು ನಿಧಾನವಾಗಿ. ಕಪ್ಪು ಬೈಕು ಕೂಟಗಳ ಹಿರಿಯರಿಗೆ ಹಾರ್ಡಿ ಯಾರು ಅಂತ ಯಾವತ್ತೂ ಗೊತ್ತೇ ಇತ್ತು. ಗೊತ್ತಿಲ್ಲದಿದ್ದದ್ದು ಬರೆಯುವವರಿಗೆ. 2014ರಲ್ಲಿ ಬೈಕು ಚರಿತ್ರಕಾರ ಪಾಲ್ ಡಿ'ಆರ್ಲಿಯನ್ಸ್ ಚಾಪರ್‌ಗಳ ಬಗ್ಗೆ ಒಂದು ಪುಸ್ತಕ ತಂದು ವಾನ್ ಮತ್ತು ಹಾರ್ಡಿಯವರ ಕಥೆಯನ್ನು ದಾಖಲಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ಸಾರ್ವಜನಿಕ ರೇಡಿಯೋ ಎನ್‌ಪಿಆರ್ ಇದನ್ನು ಪ್ರಸಾರ ಮಾಡಿತು. ಎಪ್ಪತ್ತು ದಾಟಿದ್ದ ವಾನ್ ತನ್ನ ಬಾಯಿಂದಲೇ ಕಥೆ ಹೇಳಿದರು. 2016ರ ಜುಲೈಯಲ್ಲಿ ಅವರು ತೀರಿಕೊಂಡರು. ಇನ್ನೆರಡು ವರ್ಷ ತಡವಾಗಿದ್ದರೆ ಆ ಬಾಯಿಯೂ ಇರುತ್ತಿರಲಿಲ್ಲ.

ಈಗ ಮತ್ತೆ ಆ ಹರಾಜಿನ ವಿಷಯಕ್ಕೆ ಬರೋಣ. ಕಟ್ಟಿದ ನಾಲ್ಕು ಬೈಕುಗಳಲ್ಲಿ ಮೂರನ್ನು ಸಿನಿಮಾ ಬಿಡುಗಡೆಗೆ ಮೊದಲೇ ಯಾರೋ ಕದ್ದರು. ಕೊನೆಯ ದೃಶ್ಯದಲ್ಲಿ ನಾಶವಾದ ಒಂದು ಮಾತ್ರ ಉಳಿಯಿತು. ಅದನ್ನು ಚಿತ್ರದ ಕೆಲಸದಲ್ಲಿದ್ದ ನಟ ಡ್ಯಾನ್ ಹ್ಯಾಗರ್ಟಿ ಮತ್ತೆ ಜೋಡಿಸಿದರು ಎಂದು ಹೇಳಲಾಗುತ್ತದೆ. ಆದರೆ ಹರಾಜಿನ ಹೊತ್ತಿಗೆ 'ಇದೇ ಅಸಲಿ' ಅನ್ನುವ ಬೈಕು ಒಂದಕ್ಕಿಂತ ಹೆಚ್ಚು ಇತ್ತು, ಎರಡಕ್ಕೂ ಹ್ಯಾಗರ್ಟಿಯವರೇ ಪ್ರಮಾಣಪತ್ರ ಕೊಟ್ಟಿದ್ದರು. ಯಾವುದು ನಿಜ ಅಂತ ಪತ್ರಿಕೆಗಳಲ್ಲಿ ದೊಡ್ಡ ಜಗಳ. ಯೋಚಿಸಿ ನೋಡಿ: ಒಬ್ಬ ಮೇಸ್ತ್ರಿಗೆ ತನ್ನ ಕೈಯ ಬೆಸುಗೆ ತನ್ನ ಅಕ್ಷರದಷ್ಟೇ ಗುರುತು. ಹಾರ್ಡಿ ಬದುಕಿದ್ದಾಗ ಯಾರಾದರೂ ಹೋಗಿ ಕೇಳಿ, ಫೋಟೋ ತೆಗೆದು, ಯಾವ ಫ್ರೇಮಿಗೆ ಎಲ್ಲಿ ಟಾಕಿ ಹಾಕಿದಿರಿ ಅಂತ ಬರೆದಿಟ್ಟುಕೊಂಡಿದ್ದರೆ ಲಕ್ಷಾಂತರ ಡಾಲರಿನ ಆ ಜಗಳಕ್ಕೆ ಒಂದು ಗಟ್ಟಿ ಸಾಕ್ಷಿ ಸಿಗುತ್ತಿತ್ತು. ಮೇಸ್ತ್ರಿಯ ಹೆಸರು ಬೇಡ ಅಂದ ಮಾರುಕಟ್ಟೆಗೆ ಕೊನೆಗೆ ಬೇಕಾದದ್ದು ಮೇಸ್ತ್ರಿಯ ಸಾಕ್ಷಿಯೇ.

ಇಷ್ಟು ದೂರದ ಕಥೆ ನಮಗೆ ಯಾಕೆ ಎಂದರೆ, ನಾವಿರುವ ನಗರಗಳನ್ನು ಒಮ್ಮೆ ನೋಡಿ. ಚೆನ್ನೈನ ಪುದುಪೇಟೆ, ಮುಂಬಯಿಯ ಕುರ್ಲಾ, ದೆಹಲಿಯ ಕರೋಲ್ ಬಾಗ್, ಬೆಂಗಳೂರಿನ ಶಿವಾಜಿನಗರ. ಗುಜರಿಯಿಂದ ಗಾಡಿ ಕಟ್ಟಬಲ್ಲ ಎಷ್ಟು ಕೈಗಳು ಈ ಓಣಿಗಳಲ್ಲಿ ಇಲ್ಲ? ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಆದರೂ ಜಾವಾ, ಯೆಜ್ಡಿಗಳು ಇವತ್ತಿಗೂ ರಸ್ತೆಯಲ್ಲಿ ಕಾಣುತ್ತವೆ. ಬಿಡಿಭಾಗ ಸಿಗದಾಗ ಲೇತ್‌ನಲ್ಲಿ ಕಡೆದು, ಇನ್ನೊಂದು ಗಾಡಿಯದನ್ನು ತಂದು ಹೊಂದಿಸಿ, ಅವುಗಳ ಜೀವ ಉಳಿಸಿದವರು ಗಲ್ಲಿಯ ಮೇಸ್ತ್ರಿಗಳು. ಅವರಲ್ಲಿ ಮುಸ್ಲಿಮರು ಬಹಳ. ಮುಸ್ಲಿಮರಲ್ಲಿ ಸ್ವಂತ ಕಸುಬು ನೆಚ್ಚಿಕೊಂಡವರು ಹೆಚ್ಚು, ವಾಹನ ರಿಪೇರಿ ಅಂಥ ಕಸುಬುಗಳಲ್ಲಿ ಒಂದು ಎಂದು 2006ರ ಸಾಚಾರ್ ಸಮಿತಿ ವರದಿ ಗುರುತಿಸಿತು. ಸರ್ಕಾರದ ವರದಿಯಲ್ಲಿ ನಾವು ಒಂದು ಅಂಕಿ. ಅಂಕಿ ಬೇಕೇಬೇಕು, ಅದರಿಂದ ಹಕ್ಕು ಕೇಳಬಹುದು. ಆದರೆ ಅಂಕಿಯಲ್ಲಿ ಅಬ್ಬಾಜಾನ್ ಹೆಸರು ಇರುವುದಿಲ್ಲ.

ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಮಾತು. ಚರಿತ್ರೆ ಅಂದ್ರೆ ಕೋಟೆ, ಯುದ್ಧ, ಸುಲ್ತಾನರು ಮಾತ್ರ ಅಂತ ತಿಳಿಯಬೇಡಿ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಪಾನಾ ಹಿಡಿದು ಜೀವನ ಸವೆಸಿದ ಒಬ್ಬ ಚಾಚಾ, ಮಾಮು ಇದ್ದೇ ಇರುತ್ತಾರೆ. ಒಂದು ಶುಕ್ರವಾರ ಮಧ್ಯಾಹ್ನ ಅವರ ಬಳಿ ಕುಳಿತು ಕೇಳಿ. ಯಾವ ವರ್ಷ ಅಂಗಡಿ ಸೇರಿದಿರಿ, ಉಸ್ತಾದ್ ಯಾರು, ಅವರ ಉಸ್ತಾದ್ ಯಾರು, ಮೊದಲು ಕಟ್ಟಿದ ಗಾಡಿ ಯಾವುದು, ಕೈಗೆ ಬಿದ್ದ ಈ ಕಲೆ ಯಾವ ಕೆಲಸದಲ್ಲಿ ಆದದ್ದು. ಮೊಬೈಲಿನಲ್ಲಿ ಧ್ವನಿ ಹಿಡಿದಿಡಿ, ಹೆಸರು, ಊರು, ಇಸವಿ ಸರಿಯಾಗಿ ಬರೆಯಿರಿ. ಅಂಗಡಿ ಹೊಂದಿದವರು ತಾವು ಕಟ್ಟಿದ ಗಾಡಿಯ ಫ್ರೇಮಿನ ಒಳಬದಿಯಲ್ಲಿ ಒಂದು ಅಚ್ಚು ಹಾಕಿ, ಬಿಲ್ಲಿನ ಮೇಲೆ ಕೆಲಸ ಮಾಡಿದ ಹುಡುಗನ ಹೆಸರನ್ನೂ ಹಾಕಿ. ಅದಕ್ಕೆ ಖರ್ಚು ಏನೂ ಇಲ್ಲ.

ಹಾರ್ಡಿಯವರ ಶಾಗಿರ್ದ್ ಬದುಕಿದ್ದು ಬಾಯಿ ಬಿಟ್ಟದ್ದರಿಂದ ಗುರುವಿನ ಹೆಸರು ಉಳಿಯಿತು. ನಮ್ಮ ಓಣಿಗಳ ಉಸ್ತಾದರ ಹೆಸರು ಗೊತ್ತಿರುವವರು ಇನ್ನೂ ಇದ್ದಾರೆ. ಅವರಿರುವಾಗಲೇ ಬರೆದುಕೊಳ್ಳುವುದು ಓದು ಬಂದವರ ಕೆಲಸ.